ನಾಲ್ಕು ಬೆರಳಗಲ

ನನ್ನ ವಾರಗಿತ್ತಿಗೆ ಪ್ರಾಣಿಗಳೆಂದರೆ ಇಷ್ಟವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಅವಳನ್ನು ಕರುಣಾಮಯಿ ಎಂದು ಹೊಗಳಲು ಶುರುಮಾಡುತ್ತಾರೆ. ನಾಯಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವವಳು ಅವಳು. ಬೆಕ್ಕು ಕಾಲಿಗೆ ಒರಗಿದರೆ ಬಟ್ಟೆ ಕೊಡವಿಕೊಳ್ಳುತ್ತಾಳೆ. ವಾರಕ್ಕೊಮ್ಮೆ ಕೋಳಿ ತಿನ್ನುತ್ತಾಳೆ, ಮೂಳೆಯನ್ನೂ ಬಿಡುವುದಿಲ್ಲ. ನಾನಾದರೋ ಮನೆಯ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ನಾಯಿ ಸಾಕಿದ್ದೇನೆ, ಅವುಗಳಲ್ಲಿ ಒಂದಕ್ಕೂ ನಾಲ್ಕು ಕಾಲು ನೆಟ್ಟಗಿಲ್ಲ. ಕಾರ್ಖಾನೆಯಲ್ಲಿ ನನಗೆ ನಾಯಕ್ಕ ಎಂದೇ ಹೆಸರು. ಯಜಮಾನರೂ ಹಾಗೇ ಕರೆಯುತ್ತಾರೆ.

ನಮ್ಮದು ಗುಂಡಿ ತಯಾರಿಸುವ ಕಾರ್ಖಾನೆ. ಅಂಗಿಗೆ ಹೊಲಿಯುವ ಗುಂಡಿ. ನಾನು ತಪಾಸಣೆ ವಿಭಾಗದಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಗುಂಡಿಯನ್ನು ಬೆರಳ ತುದಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಅಂಚು ಸೀಳಿದೆಯೋ, ತೂತು ಒಂದು ಕೂದಲೆಳೆಯಷ್ಟು ಆಚೀಚೆಯಾಗಿದೆಯೋ ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ಒಳ್ಳೆಯದು ಬಲಗಡೆಯ ತಟ್ಟೆಗೆ, ರಿಜೆಕ್ಟು ಎಡಗಡೆಯ ತಟ್ಟೆಗೆ. ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ತಮ್ಮನ ಹೆಂಡತಿ, ನನಗಿಂತ ಹದಿನಾಲ್ಕು ವರ್ಷ ಚಿಕ್ಕವಳು, ಅಚ್ಚಿನ ವಿಭಾಗದಲ್ಲಿದ್ದಾಳೆ. ಹೊರಗಿನ ಕಂಪನಿಗಳ ಪ್ಲಾಸ್ಟಿಕ್ ಅಚ್ಚುಗಳೂ ಅಲ್ಲಿಗೆ ರಿಪೇರಿಗೆ ಬರುತ್ತವೆ. ಅವಳನ್ನು ಸೇರಿಸಿದ್ದು ನಾನೇ. ಸೇರಿದ ಐದು ವರ್ಷಕ್ಕೆ ಅವಳಿಗೆ ಪ್ರತ್ಯೇಕ ಮೇಜು, ಮೇಜಿನ ಮೇಲೆ ದೀಪ, ಮಾತಾಡುವಾಗ ಯಜಮಾನರೇ ಅವಳ ಕಡೆ ಬಗ್ಗುವುದು. ಮನೆಯಲ್ಲೂ ಅಷ್ಟೇ. ಕೆಳಗೆ ನಾವು, ಮಹಡಿಯಲ್ಲಿ ಅವರು. ನಮ್ಮ ಅತ್ತೆ ಮಂಡಿನೋವು ಎಂದು ದಿನವಿಡೀ ನರಳುತ್ತಾರೆ, ಆದರೆ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಅವಳ ಜೊತೆಗೇ ಇರುತ್ತಾರೆ. ಇದೆಲ್ಲವನ್ನೂ ನಾನು ನುಂಗಿಕೊಂಡಿದ್ದೆ. ಒಂದು ವಿಷಯದಲ್ಲಿ ಮಾತ್ರ ಅವಳು ನನ್ನ ಹತ್ತಿರ ಸುಳಿಯುವ ಹಾಗಿರಲಿಲ್ಲ, ಅದು ಕೊಂಬಿನ ದಿನ.

ನಮ್ಮ ಕಾರ್ಖಾನೆ ಮೊದಲು ಗುಂಡಿಗಳನ್ನು ಕೊಂಬು ಮತ್ತು ಮೂಳೆಯಿಂದ ಕೊರೆಯುತ್ತಿತ್ತಂತೆ. ಈಗ ಎಲ್ಲ ಪ್ಲಾಸ್ಟಿಕ್ಕು. ಆದರೆ ಹಳೆಯ ಯಜಮಾನರು ಸಾಯುವ ಮುಂಚೆ ಒಂದು ಕಟ್ಟಳೆ ಮಾಡಿಟ್ಟರು. ವರ್ಷಕ್ಕೊಮ್ಮೆ ಕೊಂಬಿನ ದಿನ ಎಂದು ಆಚರಿಸಿ, ಒಂದು ದಿನದ ಸಂಬಳವನ್ನು ಎಲ್ಲರೂ ಪ್ರಾಣಿಗಳಿಗಾಗಿ ಬಿಟ್ಟುಕೊಡಬೇಕು, ಅಷ್ಟನ್ನೇ ಕಾರ್ಖಾನೆಯೂ ಹಾಕಬೇಕು. ಯಾವುದಕ್ಕೆ ಕೊಡುವುದೆಂದು ಕೆಲಸಗಾರರೇ ಆರಿಸಬೇಕು. ಬೆಳಿಗ್ಗೆ ಗೇಟಿನಲ್ಲಿ ಪ್ರತಿಯೊಬ್ಬರಿಗೂ ಒಂದು ಬಿಳಿ ಗುಂಡಿ ಕೊಡುತ್ತಾರೆ. ಕ್ಯಾಂಟೀನಿನಲ್ಲಿ ಇಟ್ಟ ಡಬ್ಬಿಗಳಲ್ಲಿ ಬೇಕಾದ್ದಕ್ಕೆ ಹಾಕಬೇಕು. ಸಂಜೆ ಡಬ್ಬಿಗಳನ್ನು ತೂಗುತ್ತಾರೆ. ನಾವು ಗುಂಡಿಗಳನ್ನು ಎಣಿಸುವವರಲ್ಲ, ತೂಗುವವರು. ಯಾವುದು ಭಾರವೋ ಅದಕ್ಕೆ ದುಡ್ಡು.

ಒಂಬತ್ತು ವರ್ಷ ನನ್ನ ನಾಯಿಗಳ ಡಬ್ಬಿಯೇ ಗೆದ್ದಿತ್ತು. ನಿಜ ಹೇಳಬೇಕೆಂದರೆ ಬಹಳ ವರ್ಷ ಬೇರೆ ಡಬ್ಬಿಯೇ ಇರುತ್ತಿರಲಿಲ್ಲ. ನಾನು ಫೋಟೋಗಳ ಹಲಗೆ ಹಿಡಿದು ನಿಲ್ಲುತ್ತಿದ್ದೆ, ಎರಡು ಮಾತಾಡುತ್ತಿದ್ದೆ, ಕೊನೆಯ ಸಾಲಿನ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು. ಆ ಚಪ್ಪಾಳೆಯ ರುಚಿ ಒಂದು ವರ್ಷ ಬಾಯಲ್ಲಿ ಉಳಿಯುತ್ತಿತ್ತು.

ಈ ಸಲ ಎರಡನೇ ಡಬ್ಬಿ ಬಂತು. ಅದರ ಪಕ್ಕದಲ್ಲಿ ನಿಂತಿದ್ದವಳು ನನ್ನ ವಾರಗಿತ್ತಿ.

ಅವಳ ಕೈಯಲ್ಲಿ ಫೋಟೋ ಇರಲಿಲ್ಲ. ಮೇಜಿನ ಮೇಲೆ ಕೋಳಿ ಸಾಗಿಸುವ ಪ್ಲಾಸ್ಟಿಕ್ ಕ್ರೇಟು ಒಂದನ್ನು ಇಟ್ಟಿದ್ದಳು. ಅದರೊಳಗೆ ಹಳೇ ಸ್ವೆಟರನ್ನು ಸುತ್ತಿ ಕಟ್ಟಿದ ಗಂಟು. ಗಂಟಿನ ಎರಡೂ ಬದಿಗೆ ತೆಳುವಾದ ಮರದ ಕಡ್ಡಿ ಸಿಕ್ಕಿಸಿದ್ದಳು. ಲೇತ್ ಮೆಷಿನ್ನಿನ ದಪ್ಪ ಮೀಸೆಯವನನ್ನು ಕರೆದು, "ಅಣ್ಣಾ, ಅದನ್ನ ಹೊರಗೆ ತೆಗೀರಿ. ನಿಮಗೆ ದಿನಕ್ಕೆ ಸಾವಿರ ಕೋಳಿ ಇಳಿಸೋ ಕೆಲಸ ಇದೆ ಅಂದ್ಕೊಳ್ಳಿ. ಬೇಗ" ಅಂದಳು.

ಅವನು ನಗುತ್ತಾ ಬಾಗಿಲಿನೊಳಗೆ ಕೈಹಾಕಿ ಎಳೆದ. ಲಟಕ್ ಎಂದು ಕಡ್ಡಿ ಮುರಿಯಿತು. ಅವನ ನಗು ಅಲ್ಲೇ ನಿಂತಿತು.

"ಬಾಗಿಲು ಚಿಕ್ಕದು. ಕೋಳಿ ರೆಕ್ಕೆ ಮಡಚ್ಕೊಂಡು ಬರೋಕೆ ಜಾಗ ಸಾಲಲ್ಲ. ನಾಲ್ಕು ಬೆರಳು ಅಗಲ ಮಾಡಿದ್ರೆ ಸಾಕು," ಎಂದಳು. ಅವಳ ದನಿ ಬಸ್ಸಿನ ವೇಳಾಪಟ್ಟಿ ಓದುವವರ ಹಾಗಿತ್ತು. "ಈ ಕ್ರೇಟಿನ ಅಚ್ಚು ರಿಪೇರಿಗೆ ಅಂತ ನಮ್ಮ ವಿಭಾಗಕ್ಕೆ ಬಂದಿದೆ. ಶನಿವಾರ ವಾಪಸ್ ಹೋಗುತ್ತೆ. ಅದಕ್ಕೊಂದು ಹೊಸ ಉಕ್ಕಿನ ತುಂಡು ಕೂರಿಸ್ಬೇಕು, ಬಾಗಿಲಿನ ಅಚ್ಚನ್ನೂ ಅಷ್ಟೇ ಕೊರೀಬೇಕು. ಕ್ರೇಟಿನ ಕಂಪನಿಯವ್ರನ್ನ ಕೇಳ್ದೆ. ಯಾರಾದ್ರೂ ಖರ್ಚು ಕೊಟ್ರೆ ಅಡ್ಡಿಯಿಲ್ಲ, ಕೋಳಿಗಳೇನೂ ನಮಗೆ ದೂರು ಕೊಟ್ಟಿಲ್ಲ ಅಂದ್ರು. ಈ ಸಲ ಹೋದ್ರೆ ಅಚ್ಚು ಮತ್ತೆ ಬರೋದು ಎಂಟು ವರ್ಷಕ್ಕೆ. ಇದರಿಂದ ದಿನಕ್ಕೆ ಇನ್ನೂರು ಕ್ರೇಟು ಆಗುತ್ತೆ. ಒಂದೊಂದರಲ್ಲೂ ಸಲಕ್ಕೆ ಹತ್ತು ಕೋಳಿ. ನಮ್ಮ ಒಂದು ದಿನದ ಸಂಬಳದಲ್ಲಿ ಇಷ್ಟು ನೋವು ಕಮ್ಮಿ ಮಾಡೋ ಬೇರೆ ಕೆಲಸ ನನಗಂತೂ ಕಾಣ್ಲಿಲ್ಲ."

ಅಷ್ಟು ಹೇಳಿ ಕೂತುಬಿಟ್ಟಳು. ಚಪ್ಪಾಳೆ ಬೀಳಲಿಲ್ಲ. ಯಾರೂ ಕಣ್ಣೊರೆಸಿಕೊಳ್ಳಲಿಲ್ಲ. ಎಲ್ಲರೂ ಆ ಮುರಿದ ಕಡ್ಡಿಯನ್ನೇ ನೋಡುತ್ತಿದ್ದರು.

ಹಿಂದಿನ ಬೆಂಚಿನಿಂದ ಒಬ್ಬರು, "ನಿನಗೆ ಇದು ಹೇಗೆ ಗೊತ್ತಾಯ್ತಮ್ಮ?" ಎಂದು ಕೇಳಿದರು.

"ಅಚ್ಚು ನೋಡಿ ಬಾಗಿಲು ಯಾಕೋ ಚಿಕ್ಕದು ಅನ್ನಿಸ್ತು. ನಮ್ಮ ಬೀದಿ ಕೊನೇಲಿ ಕೋಳಿ ಅಂಗಡಿ ಇದ್ಯಲ್ಲ, ಅಲ್ಲಿ ಹೋಗಿ ಅರ್ಧ ಗಂಟೆ ನಿಂತ್ಕೊಂಡೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅದು ನನ್ನ ಅಂಗಡಿ! ಒಂಬತ್ತು ವರ್ಷದಿಂದ, ವಾರಕ್ಕೆ ಮೂರು ಸಲ, ನಾಯಿಗಳಿಗೆಂದು ಕೋಳಿಯ ಕಾಲು, ಕತ್ತು ತರಲು ನಾನು ಅಲ್ಲಿ ನಿಲ್ಲುತ್ತೇನೆ. ಆ ಲಟಕ್ ಶಬ್ದ ನನ್ನ ಕಿವಿಗೆ ಎಷ್ಟು ಸಾವಿರ ಸಲ ಬಿದ್ದಿರಬೇಕು! ನಾಯಿಯನ್ನು ಕಂಡರೆ ಓಡುವವಳು ಅರ್ಧ ಗಂಟೆಯಲ್ಲಿ ಕಂಡದ್ದನ್ನು ನಾಯಕ್ಕ ಒಂಬತ್ತು ವರ್ಷ ಕಾಣಲಿಲ್ಲ. ಆ ಕ್ಷಣ ನಾನು ಅವಳನ್ನು ದ್ವೇಷಿಸಿದೆ. ಕೋಳಿಗಳ ಬಗ್ಗೆ ಒಂದೇ ಒಂದು ಯೋಚನೆಯೂ ಬರಲಿಲ್ಲ.

ನನ್ನ ಸರದಿ ಬಂದಾಗ ಹಲಗೆ ಎತ್ತಿಕೊಂಡು ಮಾತಾಡಿದೆ. ಶೆಡ್ಡಿನ ಮೇಲ್ಛಾವಣಿ ಸೋರುತ್ತಿದೆ ಎಂದೆ. ಅದು ಸುಳ್ಳಲ್ಲ, ಆದರೆ ತೇಪೆ ಹಾಕಿದರೆ ಇನ್ನೆರಡು ವರ್ಷ ಬರುತ್ತಿತ್ತು ಎನ್ನುವುದನ್ನು ಹೇಳಲಿಲ್ಲ. ಕೊನೆಯಲ್ಲಿ, "ಕೋಳಿಗಳು ಹೇಗಿದ್ರೂ ಸಾಯೋವೇ ಅಲ್ವಾ? ಇವು ಬದುಕೋ ಜೀವಗಳು" ಎಂದೂ ಸೇರಿಸಿದೆ. ವಾರಗಿತ್ತಿ ತಲೆಯೆತ್ತಿ ನೋಡಿದಳು.

ಮಧ್ಯಾಹ್ನ ಊಟ ಮುಗಿದು ಕ್ಯಾಂಟೀನು ಖಾಲಿಯಾದಾಗ ನೀರು ಕುಡಿಯುವ ನೆವದಲ್ಲಿ ಅಲ್ಲಿಗೆ ಹೋದೆ. ಎರಡೂ ಡಬ್ಬಿಗಳನ್ನು ಒಂದೊಂದು ಕೈಯಲ್ಲಿ ಎತ್ತಿದೆ. ನನ್ನ ಕೈಗೆ ತಕ್ಕಡಿ ಬೇಡ. ಅವಳದು ಭಾರವಾಗಿತ್ತು. ಹೆಚ್ಚೇನಲ್ಲ, ಹತ್ತು ಹನ್ನೆರಡು ಗುಂಡಿಯಷ್ಟು.

ನನ್ನ ಮೇಜಿಗೆ ವಾಪಸ್ ಬಂದೆ. ಬಲಗಡೆಯ ತಟ್ಟೆಯಲ್ಲಿ ಅದೇ ಬಿಳಿ ಗುಂಡಿಗಳು ರಾಶಿಯಾಗಿ ಬಿದ್ದಿದ್ದವು. ಕೈ ಅತ್ತ ಹೋಯಿತು, ನಿಂತಿತು. ಅದು ಮಾಲು. ಅದನ್ನು ತೆಗೆದರೆ ಪೊಟ್ಟಣದ ತೂಕ ಕಡಿಮೆ ಬೀಳುತ್ತದೆ, ಅದು ಕಳ್ಳತನ. ಇಪ್ಪತ್ತಾರು ವರ್ಷದಲ್ಲಿ ಒಂದು ಒಳ್ಳೇ ಗುಂಡಿಯನ್ನೂ ನಾನು ಮನೆಗೆ ಒಯ್ದವಳಲ್ಲ. ಹಾಗಾಗಿ ಎಡಗಡೆಯ ತಟ್ಟೆಯಿಂದ ಒಂದು ಹಿಡಿ ತೆಗೆದು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ. ನನ್ನ ಬುದ್ಧಿಯನ್ನು ಏನೆನ್ನಬೇಕೋ! ಕಳ್ಳತನಕ್ಕೆ ಹೆದರಿ ಮೋಸಕ್ಕೆ ಹೊರಟಿದ್ದೆ. ಮತ್ತೆ ಕ್ಯಾಂಟೀನಿಗೆ ಹೋದೆ, ಇಪ್ಪತ್ತೆರಡು ಗುಂಡಿಗಳು ನನ್ನ ಡಬ್ಬಿಯೊಳಗೆ ಬಿದ್ದವು.

ಸಂಜೆ ಐದಕ್ಕೆ ಎಲ್ಲರೂ ಸೇರಿದರು. ತೂಗುವ ಮುಂಚೆ ಡಬ್ಬಿಯನ್ನು ತಟ್ಟೆಗೆ ಸುರಿದು ಕಸಕಡ್ಡಿ, ಪಿನ್ನು ಇದ್ದರೆ ತೆಗೆಯುವುದು ರೂಢಿ. ಆ ಕೆಲಸ ಕನ್ನಡಕದವಳದು. ಹದಿನೈದು ವರ್ಷದ ಹಿಂದೆ ನನ್ನ ಮೇಜಿನ ಪಕ್ಕ ಕೂತು ಕೆಲಸ ಕಲಿತವಳು, ಈಗ ಎರಡು ಮಕ್ಕಳ ತಾಯಿ. ಮೊದಲು ಅವಳು ವಾರಗಿತ್ತಿಯ ಡಬ್ಬಿಯನ್ನು ಸುರಿದು, ಬೆರಳಾಡಿಸಿ, ತಕ್ಕಡಿಗೆ ಹಾಕಿದಳು. ಆಮೇಲೆ ನನ್ನದನ್ನು ಸುರಿದಳು.

ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ, ಕಲಿತದ್ದನ್ನು ಮಾಡುತ್ತವೆ. ಅವಳ ಬೆರಳು ಒಂದು ಗುಂಡಿಯನ್ನು ಎಡಕ್ಕೆ ಸರಿಸಿತು. ಇನ್ನೊಂದನ್ನು ಸರಿಸಿತು. ಮೂರು, ನಾಲ್ಕು, ಐದು. ನಂತರ ನಿಂತಿತು. ಗೇಟಿನಲ್ಲಿ ಕೊಟ್ಟ ಗುಂಡಿಗಳಲ್ಲಿ ರಿಜೆಕ್ಟು ಇರಲು ಸಾಧ್ಯವೇ ಇಲ್ಲ, ಬೆಳಿಗ್ಗೆ ಅವಳೇ ಆರಿಸಿ ಕೊಟ್ಟಿದ್ದಳು. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಅವಳು ಅಂಗೈಯಿಂದ ಎಲ್ಲವನ್ನೂ ಒಮ್ಮೆ ಕಲಸಿ, "ಸರಿಯಾಗಿದೆ, ತೂಗಿ" ಎಂದಳು.

"ನಾಯಕ್ಕ, ಹತ್ತನೇ ವರ್ಷ!" ಎಂದರು ಯಜಮಾನರು. ಚಪ್ಪಾಳೆ ಬಿತ್ತು. ನನ್ನ ವಾರಗಿತ್ತಿಯೂ ತಟ್ಟಿದಳು.

ಮನೆಗೆ ಇಬ್ಬರೂ ಒಟ್ಟಿಗೇ ನಡೆದು ಬಂದೆವು. ಅವಳ ಕಂಕುಳಲ್ಲಿ ಆ ಸ್ವೆಟರಿನ ಗಂಟಿತ್ತು. ಅವಳು ಅತ್ತಿದ್ದರೆ, ಬೈದಿದ್ದರೆ, ನನಗೆ ಗೆದ್ದ ಹಾಗಾದರೂ ಆಗುತ್ತಿತ್ತು.

"ಬೇಜಾರಾಯ್ತೇನೇ?" ಎಂದು ಕೆಣಕಿದೆ.

"ಆಯ್ತು ಅಕ್ಕಾ. ಎಂಟು ವರ್ಷ ಅಂದ್ರೆ ಜಾಸ್ತಿ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನಿಮ್ಮ ಶೆಡ್ಡಿನ ಶೀಟು ಯಾವಾಗ ಹಾಕಿಸ್ತೀರಿ? ಅಳತೆ ಬೇಕಿದ್ರೆ ನಾನು ತಗೊಳ್ತೀನಿ, ನಾಯಿಗಳನ್ನ ಕಟ್ಟಿಹಾಕಿ ಮಾತ್ರ" ಎಂದಳು.

ಮೆಟ್ಟಿಲ ಮೇಲಿನಿಂದ ಅತ್ತೆ ಇಣುಕಿ, "ಯಾರು ಗೆದ್ರು?" ಎಂದರು. ನಾನೇ ಎಂದೆ. "ಹೋಗ್ಲಿ ಬಿಡು," ಎಂದು ಅವಳಿಗೆ ಸಮಾಧಾನ ಹೇಳುತ್ತಾ ಒಳಗೆ ಕರೆದುಕೊಂಡು ಹೋದರು. ಗೆದ್ದವಳು ಮೆಟ್ಟಿಲ ಕೆಳಗೆ ನಿಂತಿದ್ದೆ.

ಮಾರನೇ ದಿನ, ಶುಕ್ರವಾರ, ಮೇಜಿಗೆ ಕೂತೆ. ಎದುರಿಗೆ ಕನ್ನಡಕದವಳು. ಒಂದು ಗುಂಡಿಯನ್ನು ತಿರುಗಿಸಿ ನೋಡಿ ಬಲಗಡೆಯ ತಟ್ಟೆಗೆ ಹಾಕಿದಳು. ನನಗೆ ಅಲ್ಲಿಂದಲೇ ಕಂಡಿತು, ತೂತು ಓರೆ.

"ಏ, ಅದು ರಿಜೆಕ್ಟು ಕಣೇ."

"ಹೌದಾ ಅಕ್ಕಾ?" ಎಂದಳು ತಲೆಯೆತ್ತದೆ. "ನಿನ್ನೆ ಇಂಥದ್ದೇ ಪಾಸಾಗಿತ್ತಲ್ಲ."

ಚುಚ್ಚಲು ಹೇಳಿದ ಮಾತಲ್ಲ ಅದು. ಅವಳ ಕನ್ನಡಕ ಮಂಜಾಗಿತ್ತು. ದನಿ ತಗ್ಗಿಸಿ, "ನಿಮ್ಮ ಮುಖ ನೋಡಿ ಪಾಸ್ ಮಾಡ್ಬಿಟ್ಟೆ. ಯಾರ ಮುಖಾನೂ ನೋಡ್ಬೇಡ, ಗುಂಡಿ ನೋಡು ಅಂತ ನನಗೆ ಹೇಳ್ಕೊಟ್ಟಿದ್ದು ನೀವೇ. ಈಗ ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಅಂತ ಕೈಗೇ ಅನುಮಾನ ಬರ್ತಿದೆ" ಎಂದಳು.

ಎದ್ದು ಹೋಗಿ ಹೇಳಿಬಿಡಬೇಕು ಎನ್ನುವುದು ಆಗಲೇ ಗೊತ್ತಾಗಿತ್ತು. ಆದರೂ ಎದ್ದದ್ದು ಟೀ ಹೊತ್ತಿನ ನಂತರ. ಆ ಅಚ್ಚು ಬೇರೆ ಯಾರದ್ದೇ ಯೋಚನೆಯಾಗಿದ್ದರೂ ಒಂದೇ ನೆಗೆತಕ್ಕೆ ಹೋಗುತ್ತಿದ್ದೆ. ಅವಳದಾಗಿದ್ದರಿಂದ ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆಯಲ್ಲಿ ನಾನು ಯೋಚಿಸಿದ್ದು ಒಂದೇ: ಹೇಳಿದರೆ ಅವಳು ಗೆಲ್ಲುತ್ತಾಳೆ.

ಅಚ್ಚಿನ ವಿಭಾಗದಲ್ಲಿ ವಾರಗಿತ್ತಿ ಆ ಅಚ್ಚಿಗೆ ಗ್ರೀಸು ಹಚ್ಚಿ ಕಾಗದ ಸುತ್ತುತ್ತಿದ್ದಳು. ಯಜಮಾನರು ಪಕ್ಕದಲ್ಲಿ ನಿಂತು ಸಾಗಾಣಿಕೆಯ ಚೀಟಿ ಬರೆಯುತ್ತಿದ್ದರು. ಬಾಗಿಲಲ್ಲೇ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಇಪ್ಪತ್ತೆರಡು ಎಂಬ ಲೆಕ್ಕವನ್ನೂ ಹೇಳಿದೆ.

ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು. "ನಾಯಕ್ಕಾ, ನೀವಾ?" ಎಂದಷ್ಟೇ ಅಂದರು. ಡಬ್ಬಿ ತರಿಸಿದರು. ನಾನೇ ಸುರಿದು, ನನ್ನ ಕೈಯಿಂದಲೇ ಇಪ್ಪತ್ತೆರಡನ್ನೂ ಆರಿಸಿ ತೆಗೆದೆ. ತೂಗಿದರು. ಒಂಬತ್ತು ಗುಂಡಿಯಷ್ಟು ತೂಕದಲ್ಲಿ ನಾನು ಸೋತಿದ್ದೆ. "ಊಟದ ಹೊತ್ತಿಗೆ ಕ್ಯಾಂಟೀನಲ್ಲಿ ಎಲ್ಲರ ಮುಂದೆ ನೀವೇ ಹೇಳ್ಬೇಕು," ಎಂದು ಚೀಟಿಯನ್ನು ಹರಿದು ಹಾಕಿ ಹೊರಟುಹೋದರು.

ನಾನೂ ವಾರಗಿತ್ತಿಯೂ ಉಳಿದೆವು. ಅವಳ ಮುಖ ಕೆಂಪಾಗಿತ್ತು. ಮದುವೆಯಾಗಿ ಬಂದಾಗಿನಿಂದ ಅವಳು ನನ್ನೆದುರು ದನಿಯೆತ್ತಿದವಳಲ್ಲ.

"ನನ್ನ ಕಂಡ್ರೆ ನಿಮಗಾಗಲ್ಲ, ಗೊತ್ತು. ನಾನು ಮಾತಾಡಿದ್ರೂ ತಪ್ಪು, ಸುಮ್ಮನಿದ್ರೂ ತಪ್ಪು. ಇರ್ಲಿ. ಆದ್ರೆ ಕೋಳಿಗಳು ನಿಮಗೇನು ಮಾಡಿದ್ವು ಅಕ್ಕಾ?"

ಈ ಪ್ರಶ್ನೆಯನ್ನು ಲೋಕದಲ್ಲಿ ಯಾರು ಯಾರಿಗೆ ಬೇಕಾದರೂ ಕೇಳಬಹುದು, ಪ್ರಾಣಿಗಳ ವಿಷಯಕ್ಕೆ ನಾನು ಇಡೀ ಬೀದಿಗೇ ಕೇಳಿದ್ದೇನೆ. ಅದನ್ನು ನನಗೇ ಕೇಳುವ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಅವಳು ಸುತ್ತಿದ ಕಾಗದವನ್ನು ಪರಪರ ಬಿಚ್ಚತೊಡಗಿದಳು. "ನನಗೆ ನಿಮ್ಮ ಮೇಲೆ ಕೋಪ ಇದೆ. ಯಾವಾಗ ಹೋಗುತ್ತೋ ಗೊತ್ತಿಲ್ಲ. ಈಗ ಅದಕ್ಕೆ ಟೈಮಿಲ್ಲ. ನಾಳೆ ಸಂಜೆ ಒಳಗೆ ಮುಗೀಬೇಕು. ಪರೀಕ್ಷೆಗೆ ಅಂತ ಮೊದಲ್ನೇ ಕ್ರೇಟು ತೆಗೆದಾಗ ಬಾಗಿಲಿನ ಅಂಚಲ್ಲಿ ಮುಳ್ಳಿನ ಹಾಗೆ ಪ್ಲಾಸ್ಟಿಕ್ ಉಳಿದಿದ್ಯಾ ನೋಡೋಕೆ ನಿಮ್ಮ ಬೆರಳು ಬೇಕು. ಬರ್ತೀರಾ?"

ಹೋದೆ. ಕ್ಯಾಂಟೀನಿನಲ್ಲಿ ನೂರೆಂಬತ್ತು ಜನರ ಮುಂದೆ ಹೇಳಬೇಕಾದ್ದನ್ನು ಹೇಳಿ ಮುಗಿಸಿ, ಊಟ ಮಾಡದೆ ಹೋದೆ. ಶನಿವಾರ ಬೆಳಿಗ್ಗೆ ತೆಗೆದ ಮೊದಲನೇ ಕ್ರೇಟಿನ ಬಾಗಿಲಲ್ಲಿ ಎರಡು ಕಡೆ ಅಂಚು ಚುಚ್ಚುತ್ತಿತ್ತು. "ರಿಜೆಕ್ಟು" ಎಂದೆ. ಆ ಮಾತನ್ನು ಹೇಳುವಾಗ ನನಗಾದ ಖುಷಿ ಕೆಟ್ಟದ್ದೇ, ಒಪ್ಪಿಕೊಳ್ಳುತ್ತೇನೆ. ಅವಳು ಅಚ್ಚನ್ನು ಅರದಿಂದ ಉಜ್ಜಿದಳು. ಎರಡನೆಯದೂ ರಿಜೆಕ್ಟು. ಐದನೆಯದರ ಅಂಚಿನಲ್ಲಿ ನಾಲ್ಕು ಸುತ್ತು ಬೆರಳಾಡಿಸಿದರೂ ನನಗೆ ಏನೂ ಸಿಗಲಿಲ್ಲ, ಹುಡುಕಿದೆ, ನಿಜವಾಗಿ ಹುಡುಕಿದೆ. "ಪಾಸು" ಎಂದೆ.

ಅದಾಗಿ ಎರಡು ತಿಂಗಳಾಗಿತ್ತು. ನಾಯಿಗಳಿಗೆ ತರಲು ಬೀದಿ ಕೊನೆಯ ಕೋಳಿ ಅಂಗಡಿಗೆ ಹೋದಾಗ ಅಂಗಡಿಯ ಮುಂದೆ ಹೊಸ ಕ್ರೇಟುಗಳು ಇಳಿದಿದ್ದವು. ಅಂಗಡಿಯವನು ಬಾಗಿಲು ತೆಗೆದು, ಎರಡೂ ಕೈ ಒಳಗೆ ಹಾಕಿ, ಕೋಳಿಯನ್ನು ರೆಕ್ಕೆ ಸಮೇತ ತಬ್ಬಿ ಎತ್ತಿದ. ಅದು ಕತ್ತು ಹೊರಳಿಸಿ ಅತ್ತಿತ್ತ ನೋಡಿತು. ಏನೂ ಮುರಿಯಲಿಲ್ಲ.

"ನಾಯಕ್ಕಾ," ಎಂದ ಅವನು ಬಾಯಿತುಂಬ ನಗುತ್ತಾ, "ಇದು ನಿಮ್ಮ ಫ್ಯಾಕ್ಟರಿಯವ್ರು ಮಾಡ್ಸಿದ್ದಂತೆ. ನಿಮ್ಮ ಕೆಲಸಾನೇ ಇರ್ಬೇಕು ಬಿಡಿ. ಮೂಕ ಜೀವಗಳ ಸಂಕಟ ನಿಮಗಲ್ದೆ ಇನ್ಯಾರಿಗೆ ತಿಳಿಯುತ್ತೆ?"

ಕೊಳ್ಳಲು ನಿಂತಿದ್ದ ಮೂವರು ನನ್ನ ಕಡೆ ತಿರುಗಿದರು. ಅವರಲ್ಲೊಬ್ಬ ಮುದುಕ ಮೆಚ್ಚುಗೆಯಿಂದ ತಲೆದೂಗಿದ. ನಾನು ಕಳೆದುಕೊಂಡಿದ್ದ ನೋಟ ಅದು. ವಾರಗಿತ್ತಿ ಹತ್ತಿರದಲ್ಲೆಲ್ಲೂ ಇರಲಿಲ್ಲ, ಇದ್ದಿದ್ದರೂ ಏನೂ ಅನ್ನುತ್ತಿರಲಿಲ್ಲ. ನಾನು ಸುಮ್ಮನೆ ನಕ್ಕಿದ್ದರೆ ಸಾಕಿತ್ತು.

"ನಾನಲ್ಲ," ಎಂದೆ. "ನನ್ನ ವಾರಗಿತ್ತಿ."

"ಓಹೋ! ಅವ್ರಿಗೂ ನಿಮ್ಮ ಹಾಗೇ ಪ್ರಾಣಿಗಳು ಅಂದ್ರೆ ಅಷ್ಟು ಪ್ರೀತಿನಾ?"

"ಒಂಚೂರೂ ಇಲ್ಲ," ಎಂದೆ. "ಪ್ರೀತಿ ಎಲ್ಲಾ ನಂದೇ. ಅವಳು ನೋಡಿದ್ಲು, ಅಷ್ಟೇ."

ಅವನಿಗೆ ಅರ್ಥವಾಗಲಿಲ್ಲ. ಕಾಲು, ಕತ್ತು ತುಂಬಿದ ಚೀಲವನ್ನು ನನ್ನ ಕೈಗೆ ಕೊಟ್ಟು ಮುಂದಿನ ಕೋಳಿಗೆ ಕೈಹಾಕಿದ. ಅವಳ ಮೇಲಿನ ಹೊಟ್ಟೆಯುರಿ ಆರಿರಲಿಲ್ಲ. ನಾನು ಚೀಲ ಹಿಡಿದುಕೊಂಡು, ಆ ಕ್ರೇಟು ಪೂರ್ತಿ ಖಾಲಿಯಾಗುವವರೆಗೂ ಅಲ್ಲೇ ನಿಂತು ನೋಡಿದೆ.